ಘಟ್ಟ ಇಳಿದು ಕಡಲ ತಡಿಗೆ ಹೋಗುವ ಸಣ್ಣ ಮೋಟರ್‌ಹೋಮ್‌ಗೆ ಯಾವ ಚಾಸಿ, ಯಾವ ಎಂಜಿನ್?

"ಟ್ರಾವೆಲರ್ ತಗೊಳ್ಳೋದಾ, ವಿಂಗರ್ ಸಾಕಾ? ಇಲ್ಲ, ಒಂದು ಹಳೆ ಈಕೋದಲ್ಲೇ ಹಾಸಿಗೆ ಹಾಕಿ ಮುಗಿಸಿಬಿಡೋಣವಾ?" ವ್ಯಾನಿನೊಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ಮೋಟರ್‌ಹೋಮ್ ಮಾಡಿಸಬೇಕೆಂದಿರುವ ಉತ್ತರ ಕನ್ನಡದ ಶಿರಸಿ, ಕುಮಟಾ, ಕಾರವಾರದ ಕಡೆಯವರು ಈ ವ್ಯಾನುಗಳ ಬಗ್ಗೆ ಕೇಳುವುದೆಲ್ಲ ಸುತ್ತಿ ಬಳಸಿ ಇಷ್ಟೇ. ಕೊನೆಗೊಂದು ಮಾತು ಇದ್ದೇ ಇರುತ್ತದೆ: "ಪವರ್ ಯಾವುದಕ್ಕೆ ಜಾಸ್ತಿ?"

ಪವರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇವತ್ತು ಸಿಗುವ ಯಾವ ವ್ಯಾನೂ ಕುಮಟಾ-ಶಿರಸಿ ನಡುವಿನ ದೇವಿಮನೆ ಘಟ್ಟ ಹತ್ತುತ್ತದೆ. ನಿಧಾನಕ್ಕೋ ಜೋರಾಗಿಯೋ, ಅಂತೂ ಹತ್ತುತ್ತದೆ. ಕೇಳಬೇಕಾದ್ದು ಬೇರೆ. ಮಂಚ, ನೀರು, ಬ್ಯಾಟರಿ, ಗ್ಯಾಸು, ಮನೆಮಂದಿಯನ್ನೆಲ್ಲ ತುಂಬಿಕೊಂಡು ಅದೇ ಘಟ್ಟವನ್ನು ಮಳೆಯಲ್ಲಿ ಇಳಿಯುವಾಗ ಗಾಡಿ ಕೈಯೊಳಗೆ ಇರುತ್ತದಾ? ಉಪ್ಪುಗಾಳಿಗೆ ಅದರ ತಳ ಎಷ್ಟು ವರ್ಷ ತಡೆಯುತ್ತದೆ? ಯಲ್ಲಾಪುರದಲ್ಲೋ ಅಂಕೋಲೆಯಲ್ಲೋ ಕೈಕೊಟ್ಟರೆ ಅಲ್ಲೇ ರಿಪೇರಿ ಆಗುತ್ತದಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ನಿರ್ಧಾರ ಆದ ಹಾಗೆ. ಉಳಿದದ್ದು ನಿಮ್ಮ ಬಜೆಟ್ಟು, ಮತ್ತೆ ನಿಮ್ಮ ಮನೆ ದಾರಿ ಎಷ್ಟು ಅಗಲ ಇದೆ ಅನ್ನೋದು.

ಇನ್ನೊಂದು ವಿಷಯ. ಚಾಸಿ (ಗಾಡಿಯ ಭಾರ ಹೊರುವ ತಳದ ಚೌಕಟ್ಟು) ಇದು, ಎಂಜಿನ್ ಅದು ಎಂದು ಬೇರೆ ಬೇರೆ ಆರಿಸುವ ಅವಕಾಶ ನಮಗೆ ಹೆಚ್ಚು ಇಲ್ಲ. ಒಂದು ಗಾಡಿ ಆರಿಸಿದರೆ ಎಂಜಿನ್ ಅದರ ಜೊತೆಗೇ ಬರುತ್ತದೆ. ಹಾಗಾಗಿ ಚಾಸಿ ಮೊದಲು ನೋಡಿ.

ತೂಕದ ಲೆಕ್ಕ

ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ, ಖಾಲಿ ಗಾಡಿಯದ್ದು ಮತ್ತು ಲೋಡ್ ಸಮೇತದ್ದು. ಒಂದರಿಂದ ಇನ್ನೊಂದು ಕಳೆದರೆ ಸಿಗುವಷ್ಟೇ ನಿಮ್ಮ ಪಾಲು. ಅದರಲ್ಲೇ ಮನೆ ಕಟ್ಟಬೇಕು, ಅದರಲ್ಲೇ ಮನೆಮಂದಿ ಕೂರಬೇಕು.

ನೂರು ಲೀಟರ್ ನೀರು ಅಂದರೆ ನೂರು ಕೆಜಿ. ಮನೆಯ ಇನ್ವರ್ಟರ್‌ಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಒಂದೇ 50 ಕೆಜಿ ದಾಟುತ್ತದೆ. ಅದರ ಬದಲು 100 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಹಾಕಿದರೆ 12 ಕೆಜಿ ಆಸುಪಾಸಿನಲ್ಲಿ ಮುಗಿಯುತ್ತದೆ. ಬಳಸಲು ಸಿಗುವ ಕರೆಂಟೂ ಹೆಚ್ಚುಕಮ್ಮಿ ಅಷ್ಟೇ. ಮನೆಯ 14.2 ಕೆಜಿ ಸಿಲಿಂಡರ್ ತುಂಬಿದಾಗ ಒಟ್ಟು 30 ಕೆಜಿ ತೂಗುತ್ತದೆ. ಐದು ಕೆಜಿಯ ಸಣ್ಣ ಸಿಲಿಂಡರ್ ಸಾಕು, ಅದೇ ಸರಿ. ಪ್ಲೈವುಡ್ಡಂತೂ ಕೇಳಲೇಬೇಡಿ. 18 ಮಿ.ಮೀ. ದಪ್ಪದ ಎಂಟು-ನಾಲ್ಕರ ಒಂದು ಹಾಳೆಯೇ 30 ಕೆಜಿ ಮೇಲೆ. ನಮ್ಮ ಕಡೆ ಬಡಗಿಗಳಿಗೆ ಗಟ್ಟಿ ಕೆಲಸವೇ ಒಳ್ಳೆಯ ಕೆಲಸ. ಮನೆಗೆ ಕಪಾಟು ಮಾಡಿದ ಹಾಗೆ ಗಾಡಿಗೂ ಮಾಡಿಕೊಡುತ್ತಾರೆ. ಕಪಾಟು ನೂರು ವರ್ಷ ಬಾಳುತ್ತದೆ, ಗಾಡಿಯ ಪಟ್ಟಿ ಸ್ಪ್ರಿಂಗು ಎರಡೇ ವರ್ಷಕ್ಕೆ ಕೂರುತ್ತದೆ.

ಕೆಲಸ ಅರ್ಧ ಆದಾಗ ಒಮ್ಮೆ, ಮುಗಿದಾಗ ಒಮ್ಮೆ ಗಾಡಿಯನ್ನು ಲಾರಿ ತೂಗುವ ವೇಬ್ರಿಜ್ ಮೇಲೆ ನಿಲ್ಲಿಸಿ. ಬರೀ ಮುಂದಿನ ಚಕ್ರ ಹತ್ತಿಸಿ ಒಂದು ತೂಕ, ಬರೀ ಹಿಂದಿನದು ಹತ್ತಿಸಿ ಇನ್ನೊಂದು ತೂಕ ತೆಗೆಯಿರಿ. ಯಾಕೆ ಅನ್ನೋದು ವಿಂಗರ್ ವಿಷಯ ಬಂದಾಗ ಗೊತ್ತಾಗುತ್ತದೆ.

ಹತ್ತುವುದು, ಇಳಿಯುವುದು

ಸ್ವಲ್ಪ ಗಣಿತ ಮಾಡೋಣ. ಎಲ್ಲ ತುಂಬಿದ ಮೇಲೆ ಫೋರ್ಸ್ ಟ್ರಾವೆಲರ್ ಮೂರೂವರೆ ಟನ್, ಟಾಟಾ ವಿಂಗರ್ ಮೂರು ಟನ್, ಮಾರುತಿ ಈಕೋ ಒಂದೂವರೆ ಟನ್ ಎಂದಿಟ್ಟುಕೊಳ್ಳಿ. ಟ್ರಾವೆಲರ್‌ನ 2.6 ಲೀಟರ್ ಡೀಸೆಲ್ ಎಂಜಿನ್ 115 ಹಾರ್ಸ್‌ಪವರ್, 350 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ವಿಂಗರ್‌ನ 2.2 ಲೀಟರ್ ಡೀಸೆಲ್ 100 ಹಾರ್ಸ್‌ಪವರ್, 200 ನ್ಯೂಟನ್ ಮೀಟರ್. ಈಕೋದ 1.2 ಲೀಟರ್ ಪೆಟ್ರೋಲ್ 80 ಹಾರ್ಸ್‌ಪವರ್, 104 ನ್ಯೂಟನ್ ಮೀಟರ್. ಟನ್ನಿಗೆ ಎಷ್ಟು ಹಾರ್ಸ್‌ಪವರ್ ಎಂದು ನೋಡಿದರೆ ಈಕೋ 53, ಉಳಿದೆರಡೂ 33. ಈಕೋನೇ ಗೆದ್ದ ಹಾಗೆ ಕಾಣುತ್ತದೆ, ಅಲ್ವಾ? ಟನ್ನಿಗೆ ಎಷ್ಟು ಟಾರ್ಕ್ ಎಂದು ನೋಡಿ. ಟ್ರಾವೆಲರ್ 100, ಈಕೋ 70ರ ಹತ್ತಿರ, ವಿಂಗರ್ 67.

ಎರಡೂ ಲೆಕ್ಕ ಸರಿಯೇ. ಈಕೋದ ಪವರ್ ಸಿಗುವುದು ಎಂಜಿನ್ ನಿಮಿಷಕ್ಕೆ 6000 ಸುತ್ತಿನ ಹತ್ತಿರ ಕಿರುಚುವಾಗ. ಟ್ರಾವೆಲರ್‌ನ ಟಾರ್ಕ್ 1400 ಸುತ್ತಿಗೇ ಸಿಗುತ್ತದೆ. ತಿರುವಿನಲ್ಲಿ ಎದುರು ಬಸ್ಸು ಬಂತು, ನಿಲ್ಲಿಸಿದಿರಿ, ಮತ್ತೆ ಏರಿನಲ್ಲೇ ಎತ್ತಬೇಕು. ಆಗ ಟ್ರಾವೆಲರ್ ಸುಮ್ನೆ ಎದ್ದು ಹೋಗುತ್ತದೆ. ಈಕೋದಲ್ಲಿ ಕ್ಲಚ್ ವಾಸನೆ ಬರುವಷ್ಟು ಎಳೆಯಬೇಕಾಗಬಹುದು. ಅದಕ್ಕೇ ಘಟ್ಟದ ದಾರಿಯಲ್ಲಿ ಓಡಾಡುವವರಿಗೆ ನಾನು ಹಾರ್ಸ್‌ಪವರ್ ಸಂಖ್ಯೆಯನ್ನು ಮರೆತುಬಿಡಿ ಎನ್ನುವುದು. ಕಡಿಮೆ ಸುತ್ತಿನಲ್ಲಿ ಎಷ್ಟು ಟಾರ್ಕ್ ಎಂದು ಕೇಳಿ, ಸಾಕು.

ಇಳಿಯುವಾಗ ಇದ್ಯಾವುದೂ ಲೆಕ್ಕಕ್ಕಿಲ್ಲ. ಇಳಿಯುವಾಗ ಇರುವುದು ತೂಕ, ಬ್ರೇಕು, ಗೇರು. ಡೀಸೆಲ್ ಗಾಡಿಗೆ ಎಂಜಿನ್ ಬ್ರೇಕ್ ಜೋರು ಎಂಬ ನಂಬಿಕೆ ಬಹಳ ಜನಕ್ಕಿದೆ. ಬಸ್ಸು, ಲಾರಿಗಳಲ್ಲಿ ಹೊಗೆಯ ದಾರಿ ಮುಚ್ಚಿ ಎಂಜಿನ್ ತಡೆಯುವ ಎಕ್ಸಾಸ್ಟ್ ಬ್ರೇಕ್ ಇರುವುದರಿಂದ ಅದು ನಿಜ. ಸಣ್ಣ ವ್ಯಾನುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಳಿಯ ದಾರಿ ಮುಚ್ಚಿಕೊಂಡು ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್‌ನಲ್ಲಿ ಆ ಹಿಡಿತ ಅಷ್ಟಿಲ್ಲ. ಹಾಗಾಗಿ ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ನಮ್ಮ ಹಳೆಯ ಡ್ರೈವರುಗಳು ಹೇಳುವ ಮಾತು ತುಂಬಿದ ವ್ಯಾನಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಅರಬೈಲ್ ಘಟ್ಟದಲ್ಲಿ ಮುಂದೆ ಲಾರಿ ಸಾಲು, ಹಿಂದೆ ಲಾರಿ ಸಾಲು. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಕೊನೆಯ ತಿರುವುಗಳಿಗೆ ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನೀರು ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಬರ? ಎರಡು ವರ್ಷಕ್ಕೊಮ್ಮೆ ಬದಲಿಸಿ. ಗಾಡಿ ಓಡಿರಲಿ, ಓಡದಿರಲಿ.

ಉಪ್ಪು

ಮೊದಲು ಚಾಸಿ ನೋಡೋಣ. ಪಿಕಪ್ ಗಾಡಿಗಳಲ್ಲಿ ಎರಡು ಉದ್ದನೆಯ ದಪ್ಪ ಕಬ್ಬಿಣದ ಪಟ್ಟಿ ಇರುತ್ತದೆ, ಅದರ ಮೇಲೆ ಬಾಡಿ ಕೂರುತ್ತದೆ. ವಿಂಗರ್, ಫೋರ್ಸ್ ಕಂಪನಿಯದೇ ಇನ್ನೊಂದು ವ್ಯಾನ್ ಅರ್ಬೇನಿಯಾ, ಈಕೋಗಳಲ್ಲಿ ಹಾಗಿಲ್ಲ. ಅಲ್ಲಿ ಮಡಚಿದ ತಗಡಿನ ಬಾಡಿಯೇ ಬೆನ್ನೆಲುಬು. ಇದನ್ನು ಮೊನೊಕಾಕ್ ಎನ್ನುತ್ತಾರೆ. ಹಗುರ, ಓಡಿಸಲು ಹಿತ, ಅಲುಗಾಟ ಕಡಿಮೆ. ಆದರೆ ಬಾಗಿಲ ಕೆಳಗಿನ ಪಟ್ಟಿ, ನೆಲದ ಸಂದು, ಚಕ್ರದ ಗೂಡು ಇಲ್ಲೆಲ್ಲ ತುಕ್ಕು ಹಿಡಿದರೆ ಅದು ಬರೀ ಅಂದದ ಪ್ರಶ್ನೆಯಲ್ಲ, ಗಾಡಿಯ ಬಲವೇ ಹೋಗುತ್ತದೆ. ದಪ್ಪ ಪಟ್ಟಿಯ ಚಾಸಿಯಲ್ಲಿ ತುಕ್ಕು ಕಣ್ಣಿಗೆ ಕಾಣುತ್ತದೆ, ಉಜ್ಜಿ ಬಣ್ಣ ಬಳಿಯಬಹುದು. ಮೊನೊಕಾಕ್‌ನಲ್ಲಿ ಅದು ಒಳಗಿನಿಂದ ತಿನ್ನುತ್ತದೆ, ಹೊರಗೆ ಗುಳ್ಳೆ ಎದ್ದಾಗ ತಡವಾಗಿರುತ್ತದೆ.

ಮಾಜಾಳಿಯಿಂದ ಭಟ್ಕಳದ ತನಕ ಹೆದ್ದಾರಿ 66 ಕಡಲ ಪಕ್ಕದಲ್ಲೇ ಇದೆ. ಟಾಗೋರ್ ಬೀಚಿನ ಎದುರು, ಕಾಸರಕೋಡಿನಲ್ಲಿ, ಮುರ್ಡೇಶ್ವರದಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಗಾಜಿನ ಮೇಲೆ ಅಂಟಂಟು ಪದರ ಇರುತ್ತದಲ್ಲ, ಅದೇ ತಳದಲ್ಲೂ ಕೂತಿರುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತಳ ತೊಳೆಯುವುದು ಯಾವ ಕೋಟಿಂಗಿಗಿಂತಲೂ ದೊಡ್ಡ ಔಷಧ. ಕೋಟಿಂಗ್ ಮಾಡಿಸುವವರು ಒಂದು ಎಚ್ಚರ ವಹಿಸಿ. ಬಾಗಿಲು, ಪಟ್ಟಿಗಳ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಕೋಟಿಂಗ್ ಅವುಗಳನ್ನು ಮುಚ್ಚಿದರೆ ನೀರು ಒಳಗೇ ನಿಂತು ಕೆಲಸ ಕೆಡುತ್ತದೆ.

ಮೋಟರ್‌ಹೋಮ್ ಮಾಡುವಾಗ ಇನ್ನೊಂದು ಕಡೆಯಿಂದಲೂ ತುಕ್ಕು ಬರುತ್ತದೆ. ಕಿಟಕಿಗೆ, ಮೇಲಿನ ಫ್ಯಾನಿಗೆ ಎಂದು ತಗಡು ಕತ್ತರಿಸುತ್ತೀರಿ. ಕತ್ತರಿಸಿದ ಅಂಚು ಬೋಳು ಕಬ್ಬಿಣ. ಅದಕ್ಕೆ ಪ್ರೈಮರ್, ಬಣ್ಣ ಬಳಿದು ಒಣಗಿಸಿ ಆಮೇಲೆ ಸಂದಿಗೆ ನೀರು ನುಗ್ಗದಂತೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಬೇಕು. ಸೋಲಾರ್ ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟಿಗೆ ಸಾದಾ ಕಬ್ಬಿಣದ ಬೋಲ್ಟ್ ಬಿಗಿದರೆ ಉಪ್ಪುಗಾಳಿಯಲ್ಲಿ ಎರಡು ಲೋಹ ತಾಗಿದಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಬೋಲ್ಟ್, ನಡುವೆ ರಬ್ಬರ್ ಅಥವಾ ನೈಲಾನ್ ವಾಷರ್ ಇರಲಿ.

ಇನ್ನು ಒಂದೊಂದಾಗಿ

ಟ್ರಾವೆಲರ್. ಎಲ್ಲರ ಬಾಯಲ್ಲಿ ಟಿ.ಟಿ., ಅಂದರೆ ಟೆಂಪೋ ಟ್ರಾವೆಲರ್. 3050, 3350, 3700, 4020 ಎಂದು ಸಿಗುತ್ತದೆ. ಆ ಸಂಖ್ಯೆ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಹಿಂದಿನ ಚಕ್ರಕ್ಕೆ ಎಳೆತ. ಮಂಚ, ಬ್ಯಾಟರಿಯ ಭಾರ ಹಿಂದೆ ಬಿದ್ದಷ್ಟೂ ಏರಿನಲ್ಲಿ ಹಿಡಿತ ಜಾಸ್ತಿ. ಒಳಗೆ ನೇರ ನಿಲ್ಲಬಹುದು. ಇದರ ದೊಡ್ಡ ಗುಣ ಬೇರೆ. ಜಿಲ್ಲೆಯಲ್ಲಿ ಎಲ್ಲಿ ಹೋದರೂ ಬಾಡಿಗೆಗೆ ಓಡುವ ಟೆಂಪೋಗಳಿವೆ, ಹಾಗಾಗಿ ಇದರ ಎಂಜಿನ್ ಬಿಚ್ಚಿ ಗೊತ್ತಿರುವ ಮೇಸ್ತ್ರಿಗಳೂ ಇದ್ದಾರೆ. ಹೊನ್ನಾವರದಲ್ಲಿ ಸಂಜೆ ಆರಕ್ಕೆ ಕೆಟ್ಟರೂ ಬೆಳಿಗ್ಗೆ ಹೊತ್ತಿಗೆ ಯಾರಾದರೂ ಸಿಗುತ್ತಾರೆ. ಕೊರತೆ? ಸದ್ದು, ಅಲುಗಾಟ. ಮಾತಾಡುತ್ತ ಹೋಗುವ ಗಾಡಿಯಲ್ಲ. ಇಬ್ಬರಿಗೆ 3050 ಸಾಕು, ಮಕ್ಕಳಿದ್ದರೆ 3350. ಅದಕ್ಕಿಂತ ಉದ್ದದ್ದು ತಗೊಂಡು ಅಣಶಿ ಘಟ್ಟಕ್ಕೋ ಯಾಣದ ದಾರಿಗೋ ಹೋದರೆ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತ ಕೂರಬೇಕು.

ವಿಂಗರ್. ಕುಮಟಾ, ಕಾರವಾರದಲ್ಲೇ ಮನೆ, ಓಡಾಟ ಹೆಚ್ಚಾಗಿ ಹೆದ್ದಾರಿಯಲ್ಲಿ, ಗೋವಾ ಉಡುಪಿ ಕಡೆಗೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಕಾರಿನ ಹಾಗೆ ಹೋಗುತ್ತದೆ. ಮುಂದಿನ ಚಕ್ರಕ್ಕೆ ಎಳೆತ ಇರುವುದರಿಂದ ನೆಲದಡಿ ಉದ್ದನೆಯ ಶಾಫ್ಟ್ ಇಲ್ಲ. ನೆಲ ತಗ್ಗಿನಲ್ಲಿದೆ. ಅಮ್ಮ, ಅಪ್ಪ ಹತ್ತಿ ಇಳಿಯುವುದು ಸುಲಭ. ಟಾರ್ಕ್ ಕಡಿಮೆ ಆದರೂ 1000 ಸುತ್ತಿನಿಂದಲೇ ಸಮನಾಗಿ ಸಿಗುತ್ತದೆ.

ಆದರೆ ಆ ಮುಂದಿನ ಚಕ್ರದ ಎಳೆತವೇ ಮಲೆನಾಡಿನಲ್ಲಿ ತೊಡಕು. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ. ಮಂಚ, ನೀರಿನ ಟ್ಯಾಂಕು, ಸಾಮಾನೆಲ್ಲ ಹಿಂದಿನ ಚಕ್ರದ ಆಚೆ ಇಟ್ಟರೆ ಮುಂದಿನ ಚಕ್ರ ಇನ್ನೂ ಹಗುರ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಮುಖ್ಯ ರಸ್ತೆಯಿಂದ ಮನೆಗೆ ಇಳಿಯುವ ಕಾಂಕ್ರೀಟು ದಾರಿ ಮಳೆಗಾಲದಲ್ಲಿ ಪಾಚಿ ಕಟ್ಟಿರುತ್ತದೆ. ಇಳಿದದ್ದು ಇಳಿದಿರಿ. ಹತ್ತುವಾಗ ಮುಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ವಿಂಗರ್ ತಗೊಂಡರೆ ನೀರು, ಬ್ಯಾಟರಿ ಎರಡನ್ನೂ ಡ್ರೈವರ್ ಸೀಟಿನ ಹಿಂದೆಯೇ ಇಡಿ. ವೇಬ್ರಿಜ್‌ನಲ್ಲಿ ಎರಡೂ ಕಡೆ ತೂಗಿ ಎಂದದ್ದು ಇದಕ್ಕೇ.

ಅರ್ಬೇನಿಯಾ. ಟ್ರಾವೆಲರ್‌ನ ಅದೇ 2.6 ಲೀಟರ್ ಎಂಜಿನ್, ಹೊಸ ಕಾಲದ ಬಾಡಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಇಳಿಜಾರಿನಲ್ಲಿ ಇದರ ಬ್ರೇಕಿಗೆ ಸಮ ಬೇರೆ ಇಲ್ಲಿಲ್ಲ. ಹೊಸದು 30 ಲಕ್ಷದ ಸುತ್ತಮುತ್ತ, ಒಳಗಿನ ಕೆಲಸ ಬೇರೆ. ವರ್ಷದಲ್ಲಿ ಮೂರು ತಿಂಗಳಾದರೂ ರಸ್ತೆಯ ಮೇಲೆ ಇರುವವರು ಯೋಚಿಸಲಿ. ಡಿಸೆಂಬರ್ ರಜೆಗೆ ಒಮ್ಮೆ, ಏಪ್ರಿಲ್ ರಜೆಗೆ ಒಮ್ಮೆ ಹೋಗುವವರಿಗೆ ಅಷ್ಟು ದುಡ್ಡು ಅಂಗಳದಲ್ಲಿ ನಿಲ್ಲಿಸಿಡುವುದು ಯಾಕೆ?

ಈಕೋ. ಇದನ್ನು ಹಗುರವಾಗಿ ನೋಡಬೇಡಿ. 3.7 ಮೀಟರ್ ಉದ್ದ, ಒಂದೂವರೆ ಮೀಟರಿಗಿಂತ ಸ್ವಲ್ಪ ಕಡಿಮೆ ಅಗಲ. ತೋಟದ ದಾರಿ, ಹಲಸಿನ ಕೊಂಬೆ, ತಗ್ಗಿನ ಕರೆಂಟು ತಂತಿ ಯಾವುದಕ್ಕೂ ತಾಗದು. ಹಿಂದಿನ ಚಕ್ರಕ್ಕೆ ಎಳೆತ. ಉಂಚಳ್ಳಿ, ಮಾಗೋಡು, ಸಹಸ್ರಲಿಂಗ ಎಂದು ಎರಡು ಮೂರು ದಿನ ತಿರುಗುವ ಇಬ್ಬರಿಗೆ ಇದಕ್ಕಿಂತ ಹೆಚ್ಚಿನದು ಬೇಕೇ ಇಲ್ಲ. ತುಂಬಲು ಸಿಗುವುದು ಐನೂರು ಕೆಜಿ ಆಸುಪಾಸು, ಅದರಲ್ಲಿ ನೀವಿಬ್ಬರೂ ಸೇರಿದಿರಿ. ಮಡಚುವ ಹಾಸಿಗೆ, 20 ಲೀಟರಿನ ಎರಡು ನೀರಿನ ಕ್ಯಾನು, ಒಂದು ಲಿಥಿಯಂ ಬ್ಯಾಟರಿ, ಸಣ್ಣ ಒಲೆ. ಅಷ್ಟಕ್ಕೆ ನಿಲ್ಲಿಸಿ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ, ಏಪ್ರಿಲ್ ಸೆಖೆಯಲ್ಲಿ ಘಟ್ಟ ಹತ್ತಿದರೆ ಕೂತಲ್ಲೇ ಗೊತ್ತಾಗುತ್ತದೆ. ಸಿಎನ್‌ಜಿ ಈಕೋ ಬೇಡ. ಪವರ್ ಇನ್ನೂ ಇಳಿಯುತ್ತದೆ, ಹಾಸಿಗೆ ಹಾಕುವ ಜಾಗವನ್ನು ಸಿಲಿಂಡರ್ ತಿನ್ನುತ್ತದೆ.

ಪಿಕಪ್. ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು. ದಪ್ಪ ಪಟ್ಟಿಯ ಚಾಸಿ, ಟನ್ನುಗಟ್ಟಲೆ ಹೊರುವ ತಾಕತ್ತು, ಹಿಂದೆ ಬೇಕಾದ ಹಾಗೆ ಪೆಟ್ಟಿಗೆ ಕಟ್ಟಬಹುದು. ತುಕ್ಕಿನ ಲೆಕ್ಕದಲ್ಲಿ ಇದೇ ಮೇಲು. ಬೊಲೆರೊ ರಿಪೇರಿ ಬಾರದ ಗ್ಯಾರೇಜು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಇಸುಜು ವಿ-ಕ್ರಾಸ್ 1.9 ಲೀಟರಿಗೇ 163 ಹಾರ್ಸ್‌ಪವರ್, 360 ನ್ಯೂಟನ್ ಮೀಟರ್ ಕೊಡುತ್ತದೆ. ಫೋರ್ ವೀಲ್ ಡ್ರೈವ್ ಕೂಡ ಇದೆ. ಬೆಲೆ ಮಾತ್ರ ಅರ್ಬೇನಿಯಾದ ಹತ್ತಿರ. ಫೋರ್ ವೀಲ್ ಇದೆಯೆಂದು ಮರಳಿನ ಮೇಲೆ ಇಳಿಸುವ ಆಸೆಯಿದ್ದರೆ ಬಿಟ್ಟುಬಿಡಿ. ಉಪ್ಪುನೀರು ಬೇರಿಂಗ್, ಬ್ರೇಕಿಗೆ ಹೊಕ್ಕರೆ ದುಡ್ಡು ಸುರಿಯಬೇಕು. ಮೇಲಾಗಿ ನಮ್ಮ ಕಡಲ ದಂಡೆ ಆಮೆ ಮೊಟ್ಟೆ ಇಡುವ ಜಾಗ.

ಪಿಕಪ್‌ನ ತೊಂದರೆ ಎರಡು. ಖಾಲಿ ಇದ್ದಾಗ ಬೆನ್ನು ಮುರಿಯುವ ಕುಲುಕಾಟ, ಪಟ್ಟಿ ಸ್ಪ್ರಿಂಗು ಟನ್ನು ಹೊರಲೆಂದೇ ಮಾಡಿದ್ದು. ಎರಡನೆಯದು ಕಾಗದ.

ಕಾಗದ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಗಾಡಿಯ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಸರಕು ಗಾಡಿಯೆಂದು ನೋಂದಾಯಿಸಿದ ಪಿಕಪ್‌ನ ಅಥವಾ ಡೆಲಿವರಿ ವ್ಯಾನಿನ ಹಿಂಭಾಗದಲ್ಲಿ ಜನರನ್ನು ಕೂರಿಸಿಕೊಂಡು ಓಡುವಂತಿಲ್ಲ. ಪೂರಾ ಮೋಟರ್‌ಹೋಮ್ ಬೇಕೆಂದರೆ ಅದಕ್ಕೆಂದೇ ಎಐಎಸ್-124 ಎಂಬ ಮಾನದಂಡ ಇದೆ. ಆ ಅನುಮೋದನೆ ಇರುವ ಕಡೆಯೇ ಬಾಡಿ ಕಟ್ಟಿಸಿ, ಆರ್‌ಸಿಯಲ್ಲಿ ಹಾಗೇ ಬರೆಸಿ. ಕೆಲಸಕ್ಕೆ ಕೈ ಹಾಕುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಕಾರವಾರವಾದರೆ ಕೆಎ-30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಈಕೋದಲ್ಲಿ ಬಿಚ್ಚಿ ತೆಗೆಯಬಹುದಾದ ಮಂಚ, ಪೆಟ್ಟಿಗೆ ಇಟ್ಟುಕೊಳ್ಳುವವರಿಗೆ ಈ ರಗಳೆ ಕಡಿಮೆ, ಕಂಪನಿಯ ಸೀಟು ಬಾಡಿ ಮುಟ್ಟದಿದ್ದರೆ ಸಾಕು. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. 7500 ಕೆಜಿ ತನಕ ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸೇ ನಡೆಯುತ್ತದೆ.

ಕಾರವಾರದವರಿಗೆ ಪೋಳೆಂ ದಾಟಿದರೆ ಗೋವಾದ ಸೆಕೆಂಡ್ ಹ್ಯಾಂಡ್ ಗಾಡಿ ಅಗ್ಗಕ್ಕೆ ಕಾಣುತ್ತದೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಕರ್ನಾಟಕದ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು. ಅದನ್ನು ಕೂಡಿಸಿ ನೋಡಿ. ಗೋವೆಯ ಗಾಡಿಯೂ ಉಪ್ಪು ತಿಂದದ್ದೇ.

ಡೀಸೆಲ್‌ಗೆ ಒಂದು ಷರತ್ತು

2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಗಾಡಿ ಒಳ್ಳೆಯ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಅದು ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಬರೀ ಪೇಟೆಗೆ ಹೋಗಿ ಬರುವುದು, ಎಸಿಗೆಂದು ನಿಂತಲ್ಲೇ ಎಂಜಿನ್ ಓಡಿಸುವುದು, ಎರಡೂ ಅದಕ್ಕೆ ಆಗುವುದಿಲ್ಲ. ಕರಾವಳಿಯವರಿಗೆ ಹೆದ್ದಾರಿ ಇದೆ, ಅಂಕೋಲೆಯಿಂದ ಹೊನ್ನಾವರಕ್ಕೆ ಒಂದು ಸುತ್ತು ಸಾಕು. ಸಿದ್ದಾಪುರದ ಒಳ ಹಳ್ಳಿಯಲ್ಲಿದ್ದು ತಿಂಗಳಿಗೊಮ್ಮೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಹೊಸ ಡೀಸೆಲ್‌ಗಿಂತ ಪೆಟ್ರೋಲ್ ಈಕೋನೇ ಕಡಿಮೆ ತಲೆನೋವು.

ನನ್ನನ್ನೇ ಕೇಳಿದರೆ, ಘಟ್ಟದ ಮೇಲೆ ಮನೆ, ಮಕ್ಕಳೂ ಜೊತೆಗೆ ಎಂದರೆ ಟ್ರಾವೆಲರ್ 3350. ಇಬ್ಬರೇ, ಬಜೆಟ್ ಬಿಗಿ ಎಂದರೆ ಈಕೋ, ಯಾವ ಮುಜುಗರವೂ ಬೇಡ. ಕರಾವಳಿಯಲ್ಲಿ ಮನೆ, ವಯಸ್ಸಾದವರು ಜೊತೆಗೆ ಎಂದರೆ ವಿಂಗರ್. ಪಿಕಪ್ ಕಾಗದದ ಓಡಾಟಕ್ಕೆ ಪುರುಸೊತ್ತು ಇರುವವರಿಗೆ.

ಕೊಳ್ಳುವ ಮೊದಲು ಟಿ.ಟಿ. ಅಥವಾ ವಿಂಗರ್ ಒಂದನ್ನು ಡ್ರೈವರ್ ಸಮೇತ ಒಂದು ದಿನ ಬಾಡಿಗೆಗೆ ಹಿಡಿಯಿರಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಕುಮಟಾದಿಂದ ಶಿರಸಿಗೆ ಹೋಗಿ, ಅದೇ ದಾರಿಯಲ್ಲಿ ಇಳಿದು ಬನ್ನಿ. ಹಿಂದಿನ ಸೀಟಿನಲ್ಲಿ ನೀವೇ ಕೂತುಕೊಳ್ಳಿ. ಇಳಿಯುವಾಗ ಡ್ರೈವರ್ ಯಾವ ಗೇರಿನಲ್ಲಿ ಇದ್ದಾನೆ, ಎಷ್ಟು ಸಲ ಬ್ರೇಕ್ ಒತ್ತುತ್ತಾನೆ ಗಮನಿಸಿ. ಹಳೆಯ ಗಾಡಿ ನೋಡಲು ಹೋದರೆ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು ಹಿಡಿದುಕೊಂಡು ಹೋಗಿ. ಒಳಗಿನ ಮ್ಯಾಟ್ ಎತ್ತಿಸಿ, ಚಕ್ರದ ಗೂಡು ಮತ್ತು ಬಾಗಿಲ ಕೆಳಪಟ್ಟಿಯನ್ನು ಒತ್ತಿ ನೋಡಿ. ತುದಿ ಒಳಗೆ ಹೋದರೆ ಬೆಲೆ ಕೇಳುವ ಅಗತ್ಯವೇ ಇಲ್ಲ.